ಗಿಟಾರಿನ ಬಣ್ಣ, ಮಾವನ ಅನ್ನ

ಇಲ್ಲಿ ಏನೂ ಬರೆಯದೆ ಮೂರು ತಿಂಗಳ ಮೇಲಾಯ್ತು. ಪ್ರಾಜೆಕ್ಟ್ ರಿಲೀಸು, ರಾತ್ರಿ ಹನ್ನೊಂದಕ್ಕೆ ಶುರುವಾಗೋ ಕಾಲ್‌ಗಳು... ನೆಪಕ್ಕೇನು ಬರ. ಇವತ್ತು ಬರೀಲೇಬೇಕು ಅನ್ನಿಸಿದ್ದಕ್ಕೆ ಕಾರಣ ಒಂದು ನೀಲಿ ಗಿಟಾರು.

ನಮ್ಮಕ್ಕನ ಮಗಳು ಚನ್ನಪಟ್ಟಣದಲ್ಲಿ ಏಳನೇ ಕ್ಲಾಸು. ಬೇಸಿಗೆ ರಜದಲ್ಲಿ ಯಾವುದೋ ಶಿಬಿರಕ್ಕೆ ಹೋಗಿ ಬಂದವಳು ಗಿಟಾರ್ ಬೇಕು ಅಂತ ಹಠ ಹಿಡಿದಳು. ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಫೋಟೋನೂ ಹಾಕಿದಳು. ನವಿಲಿನ ಕುತ್ತಿಗೆ ಬಣ್ಣ, ಅಂಚಿಗೆ ಬಿಳಿ ಪಟ್ಟಿ, ಭುಜದ ಹತ್ರ ಕಚ್ಚಿದ ಹಾಗೆ ಒಂದು ಕಟ್‌ಅವೇ. ಕೆಳಗೆ "ಮಾಮ, ಇದೇ ಬೇಕು" ಅಂತ.

ಗಿಟಾರ್ ವಿಷಯದಲ್ಲಿ ನಾನು ಮನೆಗೆಲ್ಲ ಪಂಡಿತ. ಸುಮ್ನೆ ಇರ್ತೀನಾ? ಉದ್ದಕ್ಕೆ ಟೈಪ್ ಮಾಡಿದೆ. ಬಣ್ಣ ನೋಡಬಾರದು, ನಾದ ನೋಡಬೇಕು, ಟಾಪ್ ಯಾವ ಮರದ್ದು ಕೇಳಬೇಕು, ನೋಟಕ್ಕೆ ಬೆಲೆನೇ ಇಲ್ಲ, ಅದೆಲ್ಲ ಅಂಗಡಿಯವರ ಮೋಸ ಅಂತ. ಅವಳಿಂದ ಉತ್ತರವಾಗಿ ಬಂದದ್ದು ಬರೀ ಒಂದು ಚುಕ್ಕೆ. ಹನ್ನೆರಡು ವರ್ಷದ ಹುಡುಗಿ ಬರೀ ಚುಕ್ಕೆ ಕಳಿಸಿದ್ರೆ ಏನರ್ಥ ಅಂತ ಮಕ್ಕಳಿರೋ ಮನೆಯವರಿಗೆ ಗೊತ್ತು :)

ಆದ್ರೆ ನನ್ನ ಬಾಯಿ ಮುಚ್ಚಿಸಿದ್ದು ಅವಳಲ್ಲ, ನಮ್ಮ ಸೋದರಮಾವ. ಅವರು ಚನ್ನಪಟ್ಟಣದಲ್ಲಿ ಬೊಂಬೆ ಮಾಡ್ತಾರೆ. ಮೂವತ್ತೈದು ವರ್ಷದಿಂದ ಲೇತ್ ಮುಂದೆ ಕೂತಿದ್ದಾರೆ. ಆ ಭಾನುವಾರ ಊರಿಗೆ ಹೋದಾಗ ಕಾಫಿ ಕೈಗೆ ಕೊಡ್ತಾ ಅಂದ್ರು: "ಏನಪ್ಪಾ, ನೋಟಕ್ಕೆ ಬೆಲೆನೇ ಇಲ್ಲ ಅಂತ ಬರ್ದಿದ್ಯಂತೆ. ಹಂಗಾದ್ರೆ ನಾನು ಇಷ್ಟು ವರ್ಷ ಯಾರ ಅನ್ನ ತಿಂದೆ?"

ನಗ್ತಾನೇ ಅಂದ್ರು. ಆದ್ರೆ ನಂಗೆ ಕಾಫಿ ಇಳೀಲಿಲ್ಲ. ನಮ್ಮಪ್ಪ ತೀರಿಕೊಂಡಮೇಲೆ ನನ್ನ ಇಂಜಿನಿಯರಿಂಗ್ ಫೀಸಿನಲ್ಲಿ ಎರಡು ಸೆಮಿಸ್ಟರು ಕಟ್ಟಿದ್ದು ಇದೇ ಮಾವ. ಅಂದ್ರೆ ಕೆಂಪು, ಹಳದಿ, ಹಸಿರು ಬಣ್ಣದ ಬೊಂಬೆಗಳು.

ನನ್ನ ಕಡೆಯ ವಾದಾನೂ ಹೇಳಿಬಿಡ್ತೀನಿ, ಇಲ್ಲಾಂದ್ರೆ ನಾನು ಬರೀ ಬಾಯಿಬಡುಕ ಅನ್ಕೊಳ್ತೀರ.

ಕಾಲೇಜಿನ ಎರಡನೇ ವರ್ಷದಲ್ಲಿ, 2016ರಲ್ಲಿ, ಬೆಂಗಳೂರಿನ ಒಂದು ಅಂಗಡೀಲಿ ನಾನು ಮೊದಲ ಗಿಟಾರ್ ತಗೊಂಡೆ. 4,500 ರೂಪಾಯಿ. ನಡುವೆ ಜೇನಿನ ಬಣ್ಣ, ಅಂಚಿಗೆ ಬರ್ತಾ ಬರ್ತಾ ಕಪ್ಪು, ಸನ್‌ಬರ್ಸ್ಟ್ ಅಂತಾರಲ್ಲ ಅದು. ಗೋಡೆ ಮೇಲೆ ಅದೊಂದೇ ಇದ್ದ ಹಾಗೆ ಕಂಡಿತು. ಪಕ್ಕದಲ್ಲೇ ಹಪ್ಪಳದ ಬಣ್ಣದ್ದೊಂದು ಇತ್ತು, ಅಂಗಡಿ ಹುಡುಗನೇ ಅದನ್ನ ತೋರಿಸಿದ್ದ. ನಾನು ತಿರುಗಿ ನೋಡ್ಲಿಲ್ಲ.

ಹಾಸ್ಟೆಲಿನಲ್ಲಿ ಆರು ತಿಂಗಳು ಒದ್ದಾಡಿದೆ. ಎಫ್ ಕಾರ್ಡ್ ಹಿಡಿಯಕ್ಕೆ ಆಗ್ತಾನೇ ಇರ್ಲಿಲ್ಲ. ಬೆರಳ ತುದಿ ಸುಲಿದು ಹೋಯ್ತು. ರೂಮ್‌ಮೇಟ್ "ನಿಂಗೆ ಇದೆಲ್ಲ ಆಗಿ ಬರಲ್ಲ ಬಿಡೋ" ಅಂದ. ನಂಗೂ ಹಾಗೇ ಅನ್ನಿಸಿ ಬಿಟ್ಟೆ. ಎರಡು ವರ್ಷ ಆದಮೇಲೆ ಆಫೀಸಿನಲ್ಲಿ ಚೆನ್ನಾಗಿ ನುಡಿಸೋ ಒಬ್ಬ ಸಿಕ್ಕ. ಆ ಗಿಟಾರ್ ಕೈಗೆ ತಗೊಂಡು, ಹನ್ನೆರಡನೇ ಫ್ರೆಟ್ ಹತ್ರ ಸ್ಕೇಲ್ ಇಟ್ಟು ತೋರಿಸಿದ. ತಂತಿಗೂ ಫ್ರೆಟ್ಟಿಗೂ ನಡುವೆ ಐದು ಮಿಲಿಮೀಟರಿಗಿಂತ ಜಾಸ್ತಿ. ಇರಬೇಕಾದ್ದು ದಪ್ಪ ತಂತಿಗೆ ಎರಡೂವರೆಯಿಂದ ಮೂರು, ಸಣ್ಣ ತಂತಿಗೆ ಎರಡು ಚಿಲ್ಲರೆ. ಬ್ರಿಡ್ಜ್ ಹಿಂದಿನಿಂದ ಎದ್ದು ಬರ್ತಾ ಇತ್ತು, ಅದರ ಮುಂದಿನ ಹಲಗೆ ಕುಸಿದಿತ್ತು. ಆರು ಉಕ್ಕಿನ ತಂತಿ ಸೇರಿ ಸುಮಾರು 70 ಕೆಜಿಯಷ್ಟು ಎಳೀತವೆ. ಅಂದ್ರೆ ಒಬ್ಬ ಮನುಷ್ಯ ಹಗಲೂ ರಾತ್ರಿ ಆ ತೆಳು ಹಲಗೆಗೆ ಜೋತು ಬಿದ್ದ ಲೆಕ್ಕ. ಕಟ್ಟೋವಾಗ ಅದಕ್ಕೆ ತಕ್ಕ ಕೆಲಸ ಆಗಿರ್ಲಿಲ್ಲ. ಬಣ್ಣ ಮಾತ್ರ ಹಾಗೇ ಫಳಫಳ ಅಂತಿತ್ತು. ಮೇಲೆಲ್ಲಾ ಥಳಕು, ಒಳಗೆಲ್ಲಾ ಹುಳುಕು ಅಂತಾರಲ್ಲ, ಅದಕ್ಕೆ ಇದಕ್ಕಿಂತ ಸರಿಯಾದ ಉದಾಹರಣೆ ನಾನು ಕಂಡಿಲ್ಲ.

ದುಡ್ಡು ಹೋಗಿದ್ದಕ್ಕೆ ಅಷ್ಟು ಬೇಜಾರಿಲ್ಲ. ಎರಡು ವರ್ಷ ನನ್ನ ಬೆರಳೇ ಸರಿಯಿಲ್ಲ ಅಂತ ನಂಬಿಕೊಂಡಿದ್ನಲ್ಲ, ಅದಕ್ಕೆ.

ಅವತ್ತಿನಿಂದ ನಾನು ನೋಟದ ವೈರಿ. ಇಂಜಿನಿಯರು ಬೇರೆ, ಸಾಕ್ಷಿ ಹುಡುಕಿ ಹುಡುಕಿ ಇಟ್ಕೊಂಡೆ. ಸಾಕ್ಷಿಗೇನೂ ಕೊರತೆ ಇಲ್ಲ. 1862ರಲ್ಲೇ ಸ್ಪೇನಿನ ಆಂಟೋನಿಯೋ ದೆ ಟೋರೆಸ್ ಅನ್ನೋ ಮಹಾನ್ ಕುಶಲಕರ್ಮಿ ಬೆನ್ನು, ಪಕ್ಕೆ ಎಲ್ಲಾ ರಟ್ಟಿನಿಂದ ಮಾಡಿ, ಮೇಲಿನ ಹಲಗೆ ಮಾತ್ರ ಒಳ್ಳೆ ಮರದ್ದು ಹಾಕಿ ಗಿಟಾರ್ ಕಟ್ಟಿದ. ನಾದ ಹುಟ್ಟೋದು ಹೆಚ್ಚುಕಮ್ಮಿ ಮೇಲಿನ ಹಲಗೆಯಿಂದ ಅಂತ ತೋರಿಸೋಕೆ. ಅಮೆರಿಕದ ಬಾಬ್ ಟೇಲರ್ 1995ರಲ್ಲಿ ಸಾಮಾನು ಸಾಗಿಸೋ ಹಳೇ ಪ್ಯಾಲೆಟ್ಟಿನ ಓಕ್ ಹಲಗೆ ತಗೊಂಡು ಗಿಟಾರ್ ಮಾಡಿದ್ರು. ಮೊಳೆ ಹೊಡೆದಿದ್ದ ತೂತುಗಳಿಗೆ ಅಲ್ಯೂಮಿನಿಯಮ್ ತುಂಬಿ, ಮುಚ್ಚಿಡದೆ ಎಲ್ಲರಿಗೂ ಕಾಣೋ ಹಾಗೆ ಬಿಟ್ರು. ಅದು ಚೆನ್ನಾಗೇ ನುಡೀತು.

ಇನ್ನೊಂದು ನನ್ನ ಪ್ರೀತಿಯ ಸಾಕ್ಷಿ, ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಪ್ರಯೋಗ. ರೋಜರ್ ಬಕ್ನಾಲ್ ಅನ್ನೋರ ಕೈಲಿ ಒಂದೇ ಅಳತೆಯ ಆರು ಗಿಟಾರ್ ಮಾಡಿಸಿದ್ರು. ಬೆನ್ನು ಪಕ್ಕೆಯ ಮರ ಮಾತ್ರ ಬೇರೆ ಬೇರೆ: ಅಪರೂಪದ ಬ್ರೆಜಿಲ್ ರೋಸ್‌ವುಡ್‌ನಿಂದ ಹಿಡಿದು ಅಗ್ಗದ ಸಪೇಲೆವರೆಗೆ, ನಮ್ಮ ಬೀಟೆ ಮರಾನೂ ಸೇರಿ. 52 ಜನ ಗಿಟಾರ್ ನುಡಿಸೋರನ್ನ ಮಬ್ಬು ಕೋಣೆಯಲ್ಲಿ ಕೂರಿಸಿ, ಕಣ್ಣಿಗೆ ವೆಲ್ಡಿಂಗ್ ಕನ್ನಡಕ ಹಾಕಿಸಿ ನುಡಿಸೋಕೆ ಕೊಟ್ರು. ಕಣ್ಣು ಕಟ್ಟಿದ ಮೇಲೆ ಆರಕ್ಕೂ ಸಿಕ್ಕ ಅಂಕ ಹೆಚ್ಚುಕಮ್ಮಿ ಒಂದೇ. ಯಾವ ಮರಕ್ಕೆ ಜನ ರಾಶಿ ದುಡ್ಡು ಸುರೀತಾರೋ ಅದನ್ನ ಕಿವಿಯಿಂದ ಗುರುತಿಸೋಕೆ ಆಗ್ತಿರ್ಲಿಲ್ಲ.

ಇದನ್ನೆಲ್ಲ ಮಾವನ ಮುಂದೆ ಸುರಿದೆ. ಪೂರ್ತಿ ಕೇಳಿಸ್ಕೊಂಡು, "ಸರಿ, ಕಣ್ಣು ಕಟ್ಟಿಕೊಂಡು ಎಷ್ಟೊತ್ತು ನುಡಿಸಿದ್ರು?" ಅಂದ್ರು. ಒಂದಷ್ಟು ಹೊತ್ತು ಇರ್ಬೇಕು ಅಂದೆ. "ಮಗು ಐದು ವರ್ಷ ನುಡಿಸ್ಬೇಕಲ್ಲಪ್ಪ, ಕಣ್ಣು ಬಿಟ್ಕೊಂಡು."

ಕಣ್ಣಿನ ಪರವಾಗಿ ಹೇಳೋ ಸಾಕ್ಷಿಯೂ ಇದೆ. ಇಷ್ಟು ದಿನ ನಾನದನ್ನ ಯಾರಿಗೂ ಹೇಳ್ತಿರ್ಲಿಲ್ಲ ಅಷ್ಟೆ. ಚಿಯಾ-ಜಂಗ್ ತ್ಸೇ ಅನ್ನೋ ಸಂಶೋಧಕಿ 2013ರಲ್ಲಿ ಸಂಗೀತ ಸ್ಪರ್ಧೆಗಳ ರೆಕಾರ್ಡಿಂಗ್ ಇಟ್ಕೊಂಡು ಜನರಿಗೆ ಗೆದ್ದವರ್ಯಾರು ಹೇಳಿ ಅಂದಳು. ಬರೀ ಶಬ್ದ ಕೇಳಿದವರು ಲಾಟರಿ ಎತ್ತಿದಷ್ಟೇ ಸರಿಯಾಗಿ ಹೇಳಿದ್ರು. ಶಬ್ದ ಇಲ್ಲದ ವಿಡಿಯೋ ನೋಡಿದವರು ಅದಕ್ಕಿಂತ ಎಷ್ಟೋ ಚೆನ್ನಾಗಿ ಊಹಿಸಿದ್ರು. ಸಂಗೀತವನ್ನೇ ಕಸುಬು ಮಾಡಿಕೊಂಡವರ ಕತೆಯೂ ಅದೇ!

ಅಷ್ಟು ದೂರ ಯಾಕೆ, ರಾಮನಗರದ ಬಂಡೆ ಮೇಲೆ ಶೂಟಿಂಗ್ ಆಗಿ 1975ರಲ್ಲಿ ತೆರೆಗೆ ಬಂದ ಶೋಲೆ ನೋಡಿ. ಅಮಿತಾಭ್ ಬಚ್ಚನ್ ಮೌತ್ ಆರ್ಗನ್ ಊದೋದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅದನ್ನ ನಿಜವಾಗಿ ಊದಿದ್ದು ಭಾನು ಗುಪ್ತ, ಆರ್.ಡಿ. ಬರ್ಮನ್ ತಂಡದ ಗಿಟಾರ್ ವಾದಕ. ಎಷ್ಟು ಜನಕ್ಕೆ ಆ ಹೆಸರು ಗೊತ್ತು? ನಾನು ಚಿಕ್ಕವನಿದ್ದಾಗ ರಾಮದೇವರ ಬೆಟ್ಟಕ್ಕೆ ಹೋದಾಗೆಲ್ಲ ಆ ರಾಗ ಬಂಡೆಯಿಂದಲೇ ಬರ್ತಿದೆ ಅನ್ನಿಸೋದು. ಕಣ್ಣಿಗೆ ಕಂಡದ್ದನ್ನೇ ಕಿವಿಯೂ ಕೇಳತ್ತೆ.

ಈಗ ನಮ್ಮೂರಿನ ವಿಷಯ. ಚನ್ನಪಟ್ಟಣ ಅಂದ್ರೆ ಬೊಂಬೆ ಅಂತ ಎಲ್ಲರೂ ಹೇಳ್ತಾರೆ. ಇದೇ ಊರು ಒಂದು ಕಾಲದಲ್ಲಿ ವಾದ್ಯದ ತಂತಿಗೂ ಹೆಸರಾಗಿತ್ತು ಅನ್ನೋದು ನಂಗೇ ತಡವಾಗಿ ಗೊತ್ತಾಯ್ತು. ಟಿಪ್ಪು ಸತ್ತ ಮಾರನೇ ವರ್ಷ, 1800ರಲ್ಲಿ, ಈ ಸೀಮೆಯೆಲ್ಲಾ ಸುತ್ತಿದ ಫ್ರಾನ್ಸಿಸ್ ಬುಕಾನನ್, ಚನ್ನಪಟ್ಟಣದಲ್ಲಿ ಸಂಗೀತ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುತ್ತಿದ್ದದ್ದನ್ನೂ, ಅದಕ್ಕೆ ದೂರದೂರುಗಳಲ್ಲಿ ಬೇಡಿಕೆ ಇದ್ದದ್ದನ್ನೂ ಬರೆದಿಟ್ಟಿದ್ದಾನೆ. ಮಾಗಡಿ ಕಡೆ ಕಬ್ಬಿಣ ಕರಗಿಸೋದನ್ನೂ ನೋಡಿ ಬರೆದಿದ್ದಾನೆ. ಅಂದ್ರೆ ಒಂದೇ ಊರಲ್ಲಿ ಒಂದು ಕಡೆ ನಾದದ ತಂತಿ, ಇನ್ನೊಂದು ಕಡೆ ಕಣ್ಣಿಗೆ ಬಣ್ಣ. ಇವತ್ತು ತಂತಿಯ ಮಾತೆತ್ತಿದ್ರೆ ಊರವರೇ "ಯಾವ ತಂತಿ?" ಅಂತಾರೆ. ಮಾವನೂ ಹಾಗೇ ಕೇಳಿದ್ರು. ಉಳಿದುಕೊಂಡದ್ದು ಬಣ್ಣ.

ಅದೂ ಎಷ್ಟು ದಿನವೋ. ಬೊಂಬೆ ಅಂಗಡಿಗಳೆಲ್ಲ ಹಳೇ ಮೈಸೂರು ರಸ್ತೆ ಪಕ್ಕ ಸಾಲಾಗಿ ಇದ್ದದ್ದೇ ಯಾಕೆ? ಕಾರಿನ ಕಿಟಕಿಯಿಂದ ಬಣ್ಣ ಕಾಣಬೇಕು, ಹಿಂದಿನ ಸೀಟಿನಲ್ಲಿರೋ ಮಗು ಅತ್ತು ಗಾಡಿ ನಿಲ್ಲಿಸಬೇಕು. ವ್ಯಾಪಾರ ನಿಂತದ್ದೇ ಆ ಒಂದು ಕ್ಷಣದ ಮೇಲೆ. 2023ರಲ್ಲಿ ಹೊಸ ಹೆದ್ದಾರಿ ಉದ್ಘಾಟನೆ ಆದಮೇಲೆ ಕಾರುಗಳು ರಾಮನಗರ, ಚನ್ನಪಟ್ಟಣ ಎರಡನ್ನೂ ಬಳಸಿಕೊಂಡು ಸೀದಾ ಹೋಗ್ತವೆ. ಬೊಂಬೆ ಅದೇ, ಮರ ಅದೇ, ಕೈಕೆಲಸ ಅದೇ. ಕಣ್ಣಿಗೆ ಬೀಳೋದು ತಪ್ಪಿತು ಅಷ್ಟೆ, ಮಾವನ ಆರ್ಡರ್ ಅರ್ಧಕ್ಕೆ ಇಳೀತು. ನೋಟಕ್ಕೆ ಬೆಲೆ ಇಲ್ಲ ಅಂತ ನಾನು ಬರೆದದ್ದು ಇಂಥವರ ಮನೇಲಿ. (ಜಿಲ್ಲೆಯ ಹೆಸರನ್ನೂ 2025ರಲ್ಲಿ ಬೆಂಗಳೂರು ದಕ್ಷಿಣ ಅಂತ ಬದಲಾಯಿಸಿದ್ರು. ಅದೂ ಒಂದು ಥರ ಬಣ್ಣ ಹೊಡೆಯೋ ಕೆಲಸವೇ, ಇರ್ಲಿ.)

ಆವತ್ತು ಮಧ್ಯಾಹ್ನ ಮಾವ ಲೇತ್ ಹತ್ರ ಕರ್ಕೊಂಡು ಹೋದ್ರು. ನೂರು ಸಲ ನೋಡಿದ್ದೇ, ಆದ್ರೆ ಈ ಸಲ ಬೇರೆ ಥರ ನೋಡಿದೆ. ಆಲೆ ಮರ ಬೆಳ್ಳಗೆ, ಮೆತ್ತಗೆ, ಸಣ್ಣ ಎಳೆಯದು. ಅದನ್ನ ಒಣಗಿಸಿ, ಲೇತಿಗೆ ಸಿಕ್ಕಿಸಿ, ಉಳಿ ಕೊಟ್ಟು ರೂಪ ತಂದಮೇಲೆ, ತಿರುಗುತ್ತಿರೋ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿ ಒತ್ತಿ ಹಿಡೀತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತತ್ತೆ. ಬ್ರಷ್ಷಿಲ್ಲ, ಸ್ಪ್ರೇ ಇಲ್ಲ. ಆಮೇಲೆ ತಾಳೆಗರಿ ಒತ್ತಿದ್ರೆ ಅರಗು ಸಮನಾಗಿ ಹರಡಿ ಹೊಳಪು ಬರತ್ತೆ.

"ಇಲ್ಲಿ ನೋಡು" ಅಂತ ಒಂದು ತುಂಡು ಕೊಟ್ರು. ಮರಕ್ಕೆ ಉಳಿ ಸರಿಯಾಗಿ ಓಡಿರ್ಲಿಲ್ಲ, ಸಣ್ಣ ಗೀರು ಉಳಿದಿತ್ತು. ಅದರ ಮೇಲೆ ಅರಗು ಕೂತಮೇಲೆ ಗೀರು ಇನ್ನೂ ಎದ್ದು ಕಾಣ್ತಿತ್ತು. "ತೆಳ್ಳಗೆ ಹಚ್ಚಿದ ಬಣ್ಣ ಕಳ್ಳ ಕೆಲಸಾನ ಹಿಡಿದು ಕೊಡತ್ತೆ. ಮುಚ್ಚಬೇಕು ಅಂದ್ರೆ ದಪ್ಪಗೆ ಹಚ್ಚಬೇಕು."

ಆಮೇಲೆ ಅಟ್ಟದ ಮೇಲಿದ್ದ ನನ್ನ ಹಳೇ ಸನ್‌ಬರ್ಸ್ಟ್ ಇಳಿಸಿದೆ. ಮಾವ ಗಿಟಾರ್ ಕೈಯಲ್ಲಿ ಹಿಡಿದದ್ದೇ ಮೊದಲು. ಮೊದಲು ತಲೆ ಕಡೆಯಿಂದ ಒಂದು ಕಣ್ಣು ಮುಚ್ಚಿ ನೆಕ್ ಉದ್ದಕ್ಕೂ ನೋಡಿದ್ರು, ಮರದ ಕೋಲು ನೆಟ್ಟಗಿದೆಯಾ ಅಂತ ನೋಡೋ ಹಾಗೆ. "ಸೊಟ್ಟ." ಆಮೇಲೆ ನಡುವಿನ ತೂತಿನ ಅಂಚಿಗೆ ಉಗುರು ಹಾಕಿದ್ರು. ಮೇಲ್ಮೈಯಲ್ಲಿ ಕಾಣೋ ಮರದ ಗೆರೆ ಅಂಚಿನಲ್ಲಿ ಒಳಕ್ಕೆ ಇಳಿದಿರ್ಲಿಲ್ಲ, ಅಲ್ಲಿ ಪ್ಲೈವುಡ್ಡಿನ ಪದರ ಪದರ. ಮೇಲೆ ಗಾಜಿನಷ್ಟು ದಪ್ಪ ಪ್ಲಾಸ್ಟಿಕ್ ಥರದ ಪಾಲಿಶ್. ಅಷ್ಟು ದಪ್ಪ ಪಾಲಿಶ್ ಹೊದ್ದ ಹಲಗೆ ಸಲೀಸಾಗಿ ಕಂಪಿಸಲ್ಲ ಅಂತ ನಾನು ಇಂಟರ್ನೆಟ್ಟಿನಲ್ಲಿ ಓದಿ ತಿಳಿದದ್ದನ್ನ ಅವರು ಬೆರಳಿನಿಂದ ಎರಡು ಸಲ ಬಡಿದು, "ಕಂಬಳಿ ಹೊದ್ಸಿದಂಗೈತೆ" ಅಂದುಬಿಟ್ರು.

ಮಾವ ಆ ಗಿಟಾರನ್ನ ನುಡಿಸಲೇ ಇಲ್ಲ, ಅವರಿಗೆ ಬರೋದೂ ಇಲ್ಲ. ಬರೀ ನೋಡಿ, ಮುಟ್ಟಿ ಹೇಳಿದ್ರು. ನಾನು ಆರು ತಿಂಗಳು ನುಡಿಸಿಯೂ ಕಂಡುಹಿಡಿಯದ್ದನ್ನ.

ಆಗ ಅನ್ನಿಸ್ತು, 2016ರಲ್ಲಿ ನನ್ನ ತಪ್ಪು ನೋಡಿದ್ದಲ್ಲ, ನೋಡಬೇಕಾದ ಕಡೆ ನೋಡದೇ ಇದ್ದದ್ದು. ರಾಮನಗರದ ಗೂಡಿನ ಮಾರ್ಕೆಟ್ಟಿಗೆ ಹೋಗಿದ್ದೀರಾ? ಕನಕಪುರ ಕಡೆ ನಮ್ಮ ದೊಡ್ಡಪ್ಪನ ಮನೆಯವರು ರೇಷ್ಮೆ ಬೆಳೀತಿದ್ರು, ಅವರ ಜೊತೆ ಒಂದೆರಡು ಸಲ ಹೋಗಿದ್ದೆ. ರೀಲರುಗಳು ಜಾಲರಿಯಲ್ಲಿ ಸುರಿದ ಗೂಡಿನ ರಾಶಿಗೆ ಕೈ ಹಾಕಿ, ಅಡಿಯಿಂದ ಒಂದು ಹಿಡಿ ತೆಗೆದು ನೋಡೋರು. ಕಲೆ ಆದವೆಷ್ಟು, ಜೊಳ್ಳೆಷ್ಟು, ಎರಡು ಹುಳ ಸೇರಿ ಕಟ್ಟಿದವೆಷ್ಟು. ಬೆರಳಲ್ಲಿ ಒತ್ತಿ, ಕಿವಿ ಹತ್ರ ಅಲ್ಲಾಡಿಸಿ ಆಮೇಲೆ ರೇಟು. ಅಲ್ಲಿ ಕಣ್ಣೇ ತಕ್ಕಡಿ. ನೋಟ ಮೋಸ ಅಂತ ಅವರಿಗೆ ಹೇಳಿ ನೋಡಿ, ಓಡಿಸಿಬಿಡ್ತಾರೆ. ಗಿಟಾರಲ್ಲೂ ನೆಕ್ಕು, ಬ್ರಿಡ್ಜು, ತೂತಿನ ಅಂಚು, ಫ್ರೆಟ್ಟಿನ ತುದಿ ಕೈಗೆ ಚುಚ್ಚುತ್ತಾ ಅನ್ನೋದು, ಎಲ್ಲಾ ಕಣ್ಣಿಗೇ ಕಾಣೋವು. ಆ ಕಡೆ ನಮ್ಮ ದೃಷ್ಟಿ ಹೋಗದೇ ಇರಲಿ ಅಂತಲೇ ಬಣ್ಣ ಹೊಡೆದಿದ್ರೆ ಅದು ಬೇರೆ ಮಾತು.

ಬಣ್ಣದ ಹುಚ್ಚು ಮಿತಿ ಮೀರಿದ್ರೆ ಏನಾಗತ್ತೆ ಅನ್ನೋದಕ್ಕೂ ಕತೆ ಇದೆ. ಗಿಟಾರಿನ ಬೆರಳ ಹಲಗೆಗೆ ಎಬೊನಿ ಅನ್ನೋ ಕಪ್ಪು ಮರ ಹಾಕ್ತಾರೆ, ಅದು ಅಚ್ಚ ಕಪ್ಪೇ ಆಗಬೇಕು ಅಂತ ಗಿರಾಕಿಗಳ ಹಠ. ಮೇಲೆ ಹೇಳಿದ ಬಾಬ್ ಟೇಲರ್ ಅವರ ಕಂಪನಿ 2011ರಲ್ಲಿ ಕ್ಯಾಮರೂನಿನಲ್ಲಿ ಒಂದು ಎಬೊನಿ ಮಿಲ್ ಕೊಂಡುಕೊಂಡಾಗ ಅವರಿಗೆ ಗೊತ್ತಾಯ್ತು, ಹತ್ತು ಮರ ಕಡಿದರೆ ಒಂದು ಅಚ್ಚ ಕಪ್ಪು ಸಿಕ್ತಿತ್ತು, ಕಂದು ಗೆರೆ ಇದ್ದವನ್ನ ಅಲ್ಲೇ ಕೊಳೆಯೋಕೆ ಬಿಡ್ತಿದ್ರು ಅಂತ. ಆಮೇಲೆ ಗೆರೆ ಇದ್ದದ್ದನ್ನೂ ಹಾಕೋಕೆ ಶುರು ಮಾಡಿದ್ರು. ನಾದಕ್ಕೆ ಒಂದು ಚೂರೂ ವ್ಯತ್ಯಾಸ ಇಲ್ಲದ ವಿಷಯಕ್ಕೆ ಒಂಬತ್ತು ಮರ! 1960ರ ದಶಕದ ಕೊನೆಗೆ ಬ್ರೆಜಿಲ್ ತನ್ನ ರೋಸ್‌ವುಡ್ ದಿಮ್ಮಿ ಹೊರಗೆ ಕಳಿಸೋದು ನಿಲ್ಲಿಸಿದಮೇಲೆ ದೊಡ್ಡ ದೊಡ್ಡ ಕಂಪನಿಗಳು ನಮ್ಮ ಪಶ್ಚಿಮ ಘಟ್ಟದ ಕಡೆಯ ಬೀಟೆಗೆ ತಿರುಗಿದವು. ಹಾಗಾಗಿ ಇದು ನಮಗೆ ಸಂಬಂಧ ಇಲ್ಲದ ಕತೆಯೇನಲ್ಲ.

ಕೊನೆಗೆ ಗಿಟಾರ್ ತಗೊಂಡ ಕತೆ. ಅಕ್ಕನ ಮಗಳನ್ನ ಬೆಂಗಳೂರಿಗೆ ಕರ್ಕೊಂಡು ಹೋದೆ. ಬಜೆಟ್ ಎಂಟು ಸಾವಿರ. ಮೊದಲು ಅವಳಿಗೆ ಮಾವನ ಪಾಠ ಮಾಡಿದೆ: ಒಂದು ಕಣ್ಣು ಮುಚ್ಚಿ ನೆಕ್ ನೋಡು, ಅಂಚಿಗೆ ಕೈ ಸವರು, ಬ್ರಿಡ್ಜ್ ಕೆಳಗೆ ಕಾಗದ ತೂರುತ್ತಾ ನೋಡು. ಅಂಗಡಿಯವರು ಸ್ವಲ್ಪ ಕಸಿವಿಸಿಪಟ್ಟರು. ಅವಳಿಗೆ ಮಾತ್ರ ಆಟ. ಏಳರಲ್ಲಿ ನಾಲ್ಕನ್ನ ಅವಳೇ ತೆಗೆದುಹಾಕಿದಳು. ಅದರಲ್ಲಿ ಫೋಟೋದಲ್ಲಿದ್ದ ನವಿಲು ಬಣ್ಣದ್ದೂ ಒಂದು. ಎರಡು ನಿಮಿಷ ಮುಖ ಸಣ್ಣದಾಯ್ತು, ಆದ್ರೆ ಬ್ರಿಡ್ಜ್ ಹಿಂದೆ ಕಾಗದ ತೂರಿಸಿದ್ದು ಅವಳ ಕೈಯೇ.

ಉಳಿದ ಮೂರನ್ನ, ಬೆನ್ನು ತಿರುಗಿಸಿ ನಿಲ್ಲು ಅಂತ ಹೇಳಿ, ಒಂದಾದಮೇಲೊಂದು ನಾನೇ ನುಡಿಸಿದೆ. ಯಾವುದು ಚೆನ್ನಾಗಿತ್ತು ಅಂದ್ರೆ, "ಎಲ್ಲಾ ಒಂದೇ ಥರ ಕೇಳ್ಸತ್ತೆ ಮಾಮ." ನಿಜ ಹೇಳ್ಬೇಕು ಅಂದ್ರೆ ನಂಗೂ ಹಾಗೇ ಕೇಳಿಸಿತ್ತು, ಆ ರೇಟಿನಲ್ಲಿ ಮೂರೂ ಪ್ಲೈವುಡ್ಡೇ. ಅವಳ ಕೈಗೆ ಕೊಟ್ಟು ನೋಡಿದೆ. ಒಂದರ ನೆಕ್ ಅವಳ ಬೆರಳಿಗೆ ಅಗಲ ಜಾಸ್ತಿ. ಉಳಿದದ್ದು ಎರಡು. ಒಂದು ಹಪ್ಪಳದ ಬಣ್ಣ, ಇನ್ನೊಂದು ಕಡುನೀಲಿ.

ಹಪ್ಪಳದ್ದು ಅಂತ ಬಾಯಿ ತುದೀಲಿ ಇತ್ತು. 2016ರ ಪ್ರಾಯಶ್ಚಿತ್ತ ಆಗಿಬಿಡಲಿ ಅಂತ. ಆದ್ರೆ ಪ್ರಾಯಶ್ಚಿತ್ತ ಮಾಡಬೇಕಾದ್ದು ನಾನು, ಅವಳ್ಯಾಕೆ? ದಿನಾ ಸಂಜೆ ಹೋಮ್‌ವರ್ಕ್ ಮುಗಿಸಿ, ಟೀವಿ ಬಿಟ್ಟು, ಬೆರಳು ನೋಯ್ತಿದ್ರೂ ಅದನ್ನ ಕೈಗೆ ತಗೊಬೇಕಾದೋಳು ಅವಳು. ಮೊದಲ ಮೂರು ತಿಂಗಳು ಹೊಸಬರ ಗಿಟಾರಿನಿಂದ ಕೇಳೋಕೆ ಚೆನ್ನಾಗಿರೋ ನಾದ ಏನೂ ಹೊರಡಲ್ಲ. ಅಷ್ಟು ದಿನ ಅವಳನ್ನ ಅದರ ಹತ್ರ ಎಳೆಯೋದು ಆ ನೀಲಿ ಬಣ್ಣ ಒಂದೇ.

ನೀಲಿ ತಗೊಂಡ್ವಿ. 7,200 ರೂಪಾಯಿ. ಆಕ್ಷನ್ ಮೂರೂವರೆ ಮಿಲಿಮೀಟರ್ ಇತ್ತು, ಅಲ್ಲೇ 500 ಕೊಟ್ಟು ಎರಡೂವರೆಗೆ ಇಳಿಸಿಸಿದೆ. ಹೊಸ ಗಿಟಾರ್ ತಗೊಳ್ಳೋರು ದಯವಿಟ್ಟು ಈ 500 ಉಳಿಸೋಕೆ ಹೋಗಬೇಡಿ, ಬೇಕಾದ್ರೆ ಬ್ಯಾಗ್ ಅಗ್ಗದ್ದು ತಗೊಳ್ಳಿ.

ಈಗ ಆರು ವಾರ ಆಯ್ತು. ಜಿ, ಸಿ, ಡಿ ಬರತ್ತೆ, ಎಫ್ ಇನ್ನೂ ಇಲ್ಲ. ಬ್ಯಾಗೊಳಗಿದ್ರೆ ಮರೆತುಹೋಗತ್ತೆ, ಗೋಡೆಗೆ ನೇತುಹಾಕಬೇಕು ಅಂತ ನಾನೇ ಹೇಳಿದ್ದೆ. ಮಾವ ಅದಕ್ಕೇ ಅಂತ ಆಲೆ ಮರದಲ್ಲಿ ದಪ್ಪನೆ ಗೂಟ ಕಡೆದು, ಅರಿಶಿನದ ಹಳದಿ ಅರಗು ಏರಿಸಿ, ಮಧ್ಯೆ ಎರಡು ಕೆಂಪು ಬಳೆ ಕೊಟ್ಟು ತಂದು ಹೊಡೆದಿದ್ದಾರೆ. ಒಂದು ಗೀರಿಲ್ಲ, ಕನ್ನಡಿ ಥರ ಹೊಳೆಯತ್ತೆ. ಆದ್ರೆ ಕಡುನೀಲಿ ಗಿಟಾರು, ಆ ಹಳದಿ ಕೆಂಪು ಗೂಟ, ಹಿಂದೆ ಅಕ್ಕನ ಮನೆಯ ಗಿಳಿಹಸಿರು ಗೋಡೆ... ಮೂರೂ ಸೇರಿ ನೋಡೋಕೆ ಆಗಲ್ಲ ಮಾರಾಯ್ರೆ. ಮಾವನಿಗೆ ಹೇಳೋ ಧೈರ್ಯ ಮನೇಲಿ ಇನ್ನೂ ಯಾರಿಗೂ ಬಂದಿಲ್ಲ :)